ಸಂವಹನವಿದ್ಯೆಯೂ ಜೀವನವೃತ್ತಿಯೂ

(ಶ್ರೀಮಠದ ಮಹೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಸೀಮೆಗಳ ಒಕ್ಕಲುಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. ಮಗನೋ ಮಗಳೋ ಪದವಿಪೂರ್ವ ತರಗತಿಯನ್ನು ಮುಗಿಸಿ ಮನೆಗೆ ಬಂದು, “ಅಪ್ಪಾಜಿ, ವೈದ್ಯವೂ ಬೇಡ, ಇಂಜಿನಿಯರಿಂಗೂ ಬೇಡ, ಪತ್ರಿಕೋದ್ಯಮ ಮತ್ತು ಸಮೂಹ ಸಂವಹನವನ್ನು ಓದುತ್ತೇನೆ” ಎನ್ನುತ್ತದೆ. ತಂದೆಗೆ ಆ ಮಾತು ಅರ್ಥವಾಗುವುದಿಲ್ಲ. “ಮಾತಾಡುವುದನ್ನು ಕಲಿಯುವುದಕ್ಕೆ ಕಾಲೇಜು ಯಾಕಪ್ಪಾ? ಅದರಿಂದ ಹೊಟ್ಟೆ ತುಂಬುತ್ತದೆಯೆ?” ಎಂದು ಅವನು ಕೇಳುತ್ತಾನೆ. ಮಗನು ಮುನಿದು ಒಳಕ್ಕೆ ಹೋಗುತ್ತಾನೆ. ತಾಯಿ ಇಬ್ಬರ ನಡುವೆ ನಿಂತು ನಿಟ್ಟುಸಿರು ಬಿಡುತ್ತಾಳೆ.

ತಂದೆಯ ಈ ಪ್ರಶ್ನೆಯನ್ನು ತಿಳಿವಳಿಕೆ ಸಾಲದವನ ಪ್ರಶ್ನೆಯೆಂದು ತಳ್ಳಿಹಾಕತಕ್ಕದ್ದಲ್ಲ. ಕಡೂರಿನ ಬಯಲಿನಲ್ಲಿ ಮಳೆ ತಪ್ಪಿದ ವರ್ಷ ತೆಂಗಿನ ಸುಳಿ ಒಣಗುವುದನ್ನು ಕಣ್ಣಾರೆ ಕಂಡವನು, ಅಜ್ಜಂಪುರದ ಸೀಮೆಯಲ್ಲಿ ಬೆಳೆದ ಈರುಳ್ಳಿಯನ್ನು ಸಾಗಣೆಯ ಖರ್ಚೂ ಹುಟ್ಟದ ಬೆಲೆಗೆ ಮಾರಿ ಬಂದವನು, ತರೀಕೆರೆಯ ಅಡಕೆಯ ತೋಟದ ಮೇಲೆ ಎತ್ತಿದ ಸಾಲವನ್ನು ಇನ್ನೂ ತೀರಿಸುತ್ತಿರುವವನು, ಮಕ್ಕಳ ಓದಿಗೆ ಹಣವನ್ನು ಹೊಂದಿಸುವುದಕ್ಕೆ ಮುಂಚೆ ಅದರ ಫಲವೇನೆಂದು ಕೇಳುವುದು ನ್ಯಾಯವೇ ಸರಿ. ಆ ತಂದೆಗೆ ಮುಚ್ಚುಮರೆಯಿಲ್ಲದೆ ಉತ್ತರ ಹೇಳುವುದೂ, ಆ ಮಗನು ತಿಳಿಯಬೇಕಾದುದನ್ನು ತಿಳಿಸುವುದೂ ಈ ಉಪನ್ಯಾಸದ ಉದ್ದೇಶ. ಉತ್ತರದ ಸಾರವನ್ನು ಮೊದಲೇ ಹೇಳುವುದಾದರೆ, ಈ ವಿದ್ಯೆ ಅನ್ನವನ್ನು ಕೊಡಬಲ್ಲುದು. ಆದರೆ ಇದನ್ನು ಮಾತಿನ ಬೆಡಗೆಂದು ಭಾವಿಸಿ ಕಲಿತವನಿಗೆ ಕೊಡಲಾರದು, ವಿಚಾರಿಸಿ ತಿಳಿದು ತಿಳಿಯಾಗಿ ಹೇಳುವ ಕಾಯಕವೆಂದು ಕಲಿತವನಿಗೆ ಕೊಟ್ಟೀತು.

ಸಂವಹನವೆಂಬ ಹೆಸರು ಹೊಸದಾದರೂ ಆ ಕಾಯಕವು ಈ ನಾಡಿಗೆ ಹೊಸದಲ್ಲ. ನೆರೆಯ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವೊಂದಿದೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಲೋಕಕ್ಕೆ ತೋರಿಸಿಕೊಟ್ಟರು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅದನ್ನು ಬರೆದ ಲಿಪಿಕಾರನು ತನ್ನ ಹೆಸರು ಚಪಡನೆಂದು ಶಾಸನದ ಕೊನೆಯಲ್ಲಿ ತಿಳಿಸಿದ್ದಾನೆ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೆ, ತನ್ನ ವೃತ್ತಿಯನ್ನು ಹೇಳುವ ಮಾತನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಲಿಪಿಗಳನ್ನು ಬಲ್ಲ ಆ ಲಿಪಿಕಾರನು ಚಕ್ರವರ್ತಿಯ ಮಾತನ್ನು ದೂರದ ಜನಕ್ಕೆ ಮುಟ್ಟಿಸಿ ಅದರಿಂದಲೇ ಜೀವನ ನಡೆಸಿದನು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನು ಸಂವಹನವನ್ನು ವೃತ್ತಿಯಾಗಿ ಪಡೆದಿದ್ದವನು.

ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ತರೀಕೆರೆಯ ಬಳಿಯ ಅಮೃತಾಪುರಕ್ಕೆ ಹೋಗಬಹುದು. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, ೧೧೯೬ರಲ್ಲಿ, ದಂಡನಾಯಕ ಅಮಿತಯ್ಯನು ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಮಹಾಕವಿ ಜನ್ನ. ದಾನಶಾಸನಗಳ ಕ್ರಮವನ್ನು ಗಮನಿಸಿದರೆ, ಕೊಟ್ಟವರಾರು, ಪಡೆದವರಾರು, ಯಾವ ಶಕವರ್ಷದ ಯಾವ ತಿಥಿ, ಕೊಟ್ಟ ಭೂಮಿಯ ಮೇರೆ ಎಲ್ಲಿಂದ ಎಲ್ಲಿಗೆ ಎಂಬುದೆಲ್ಲವೂ ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಲ್ಪಟ್ಟಿರುತ್ತದೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಪತ್ರಿಕೋದ್ಯಮದ ಮೊದಲನೆಯ ಪಾಠವಾಗಿ ಇಂದಿನ ಕಾಲೇಜುಗಳಲ್ಲಿ ಕಲಿಸುತ್ತಾರೆ. ಕಲ್ಲಿನ ಮೇಲೆ ಬರೆದವರು ಆ ಪಾಠವನ್ನು ಬಲ್ಲವರಾಗಿದ್ದರು. ಒಂದು ಅಕ್ಷರ ತಪ್ಪಿದರೆ ಒಂದು ಹೊಲದ ಮೇರೆಯೇ ತಪ್ಪಿಹೋಗುವುದೆಂಬ ಎಚ್ಚರ ಅವರಿಗಿದ್ದಿತು.

ಕಲ್ಲಿನಿಂದ ಕಾಗದಕ್ಕೆ ಬರುವುದಕ್ಕೆ ಬಹುಕಾಲ ಹಿಡಿಯಿತು. ೧೮೪೩ರ ಜುಲೈ ಒಂದನೆಯ ತಾರೀಖು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದ ಮೊದಲನೆಯ ವೃತ್ತಪತ್ರಿಕೆ ಅದು. ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಆತನು ಮೊದಲು ಜನರ ಭಾಷೆಯನ್ನು ಕಲಿತು, ಬಳಿಕ ಪತ್ರಿಕೆಗೆ ಕೈಹಾಕಿದನೆಂಬುದನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಸೀಮೆಗೆ ರೈಲು ಬಂದಿತು. ಬೀರೂರಿನಲ್ಲಿ ದಾರಿ ಕವಲಾಗಿ, ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೂ ಮತ್ತೊಂದು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೂ ಹೊರಟಿತು. ಟಪಾಲೂ ಪತ್ರಿಕೆಯೂ ಊರಿಗೆ ಬರುವುದಕ್ಕೆ ದಾರಿಯಾಯಿತು.

ಆ ಕಾಲದಲ್ಲಿ ಈ ವೃತ್ತಿಯನ್ನು ಹಿಡಿದವರಿಗೆ ಕಲಿಸುವ ಶಾಲೆ ಇರಲಿಲ್ಲ. ವಿಜಯಪುರದ ಫ. ಗು. ಹಳಕಟ್ಟಿಯವರು ಓದಿದ್ದು ಕಾಯಿದೆ, ನಡೆಸಿದ್ದು ವಕೀಲಿ. ವಚನಗಳ ತಾಳೆಯೋಲೆಗಳನ್ನು ಊರೂರು ತಿರುಗಿ ಕೂಡಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಮುಂದೆ ಸ್ವಂತ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. ಸಂಪಾದಕನ ಕೆಲಸ, ಅಚ್ಚು ತಿದ್ದುವ ಕೆಲಸ, ಚಂದಾದಾರರನ್ನು ಹುಡುಕುವ ಕೆಲಸ ಎಲ್ಲವನ್ನೂ ಮಾಡಿಯೇ ಕಲಿತರು. ಇತ್ತ ಮೈಸೂರು ಸೀಮೆಯಲ್ಲಿ ನಂಜನಗೂಡು ತಿರುಮಲಾಂಬನವರು, ಬಾಲ್ಯದಲ್ಲಿಯೇ ವೈಧವ್ಯವನ್ನು ಅನುಭವಿಸಿದವರು, ಮನೆಯಲ್ಲಿಯೇ ಓದಿ, ೧೯೧೩ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಪ್ರಾರಂಭಿಸಿ, ಮುಂದೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಹೆಣ್ಣುಮಕ್ಕಳಿಗೆ ಈ ವೃತ್ತಿ ತಗದೆಂದು ಹೇಳುವವರು ಈ ತಾಯಿಯನ್ನು ನೆನೆಯಬೇಕು.

ಹಾಗಾದರೆ, ಹಿರಿಯರು ಶಾಲೆಯಿಲ್ಲದೆಯೇ ಇಷ್ಟನ್ನು ಸಾಧಿಸಿದ್ದರೆ, ಈಗ ವಿಶ್ವವಿದ್ಯಾನಿಲಯವೇಕೆ ಎಂಬ ಆಕ್ಷೇಪವು ಸಹಜವಾಗಿ ಬರುತ್ತದೆ. ಇದಕ್ಕೆ ಉತ್ತರವು ಅವರ ಬಾಳಿನಲ್ಲಿಯೇ ಇದೆ. ಅವರು ಕಲಿತರು, ನಿಜ. ಆದರೆ ಕಲಿಯುವುದಕ್ಕೆ ಮನೆಯನ್ನು ಮಾರಬೇಕಾಯಿತು, ಆರೋಗ್ಯವನ್ನು ತೇಯಬೇಕಾಯಿತು. ಒಬ್ಬರು ಪೆಟ್ಟು ತಿಂದು ಕಲಿತ ಪಾಠವನ್ನು ಇನ್ನೊಬ್ಬರು ಪೆಟ್ಟು ತಿನ್ನದೆ ಕಲಿಯುವಂತೆ ಮಾಡುವುದೇ ವಿದ್ಯಾಶಾಲೆಯ ಪ್ರಯೋಜನ. ಗದ್ದೆಯ ಕೆಲಸವನ್ನು ಗದ್ದೆಯಲ್ಲಿಯೇ ಕಲಿಯಬೇಕಾದರೂ ಕೃಷಿ ಕಾಲೇಜು ವ್ಯರ್ಥವೆಂದು ಈಗ ಯಾವ ಒಕ್ಕಲಿಗನೂ ಹೇಳುವುದಿಲ್ಲ.

ವಿಶ್ವವಿದ್ಯಾನಿಲಯವು ಈ ವಿದ್ಯೆಯನ್ನು ಕೈಗೆತ್ತಿಕೊಂಡ ಚರಿತ್ರೆಯೂ ಸ್ವಾರಸ್ಯವಾದುದು. ೧೯೦೮ರಲ್ಲಿ ಅಮೆರಿಕಾದ ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮದ ಶಾಲೆ ಆರಂಭವಾಯಿತು. ಅದರ ಮುಖ್ಯಸ್ಥನಾದ ವಾಲ್ಟರ್ ವಿಲಿಯಮ್ಸ್ ಸ್ವತಃ ಕಾಲೇಜು ಪದವಿ ಪಡೆದವನಲ್ಲ. ಮುದ್ರಣಾಲಯದಲ್ಲಿ ದುಡಿದು ಸಂಪಾದಕನಾದವನು. ಆದುದರಿಂದಲೇ ಅವನು ಪಾಠವನ್ನು ಪುಸ್ತಕಕ್ಕೆ ಕಟ್ಟಿಹಾಕದೆ, ಶಾಲೆ ತೆರೆದ ಮೊದಲನೆಯ ದಿನವೇ ವಿದ್ಯಾರ್ಥಿಗಳ ಕೈಯಿಂದ ನಿಜವಾದ ಪತ್ರಿಕೆಯೊಂದನ್ನು ಹೊರಡಿಸಿದನು. ೧೯೧೨ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವು, ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರನು ಕೊಟ್ಟ ದತ್ತಿಯಿಂದ, ಇಂಥದೇ ಶಾಲೆಯನ್ನು ತೆರೆಯಿತು. ೧೯೪೧ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಈ ತರಗತಿ ನಡೆಯತೊಡಗಿತು.

ಕನ್ನಡನಾಡಿನಲ್ಲಿ ಆ ಭಾಗ್ಯ ಮೈಸೂರಿಗೆ ದೊರೆಯಿತು. ಅದಕ್ಕೂ ಮುಂಚೆ, ೧೯೩೫ರಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ರೇಡಿಯೋ ನಿಲಯವನ್ನು ಸ್ಥಾಪಿಸಿ ಪ್ರಸಾರವನ್ನು ಆರಂಭಿಸಿದ್ದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಪ್ರಸಿದ್ಧಿಗೆ ಬಂದು, ಸ್ವಾತಂತ್ರ್ಯಾನಂತರ ಅಖಿಲ ಭಾರತದ ಪ್ರಸಾರಸಂಸ್ಥೆಯ ಹೆಸರಾಯಿತು. ೧೯೫೧ರಲ್ಲಿ ಅದೇ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮವು ಪದವಿ ತರಗತಿಯ ಐಚ್ಛಿಕ ವಿಷಯವಾಯಿತು. ಆ ವಿಭಾಗವನ್ನು ಕಟ್ಟಿ ಬೆಳೆಯಿಸಿದವರು ನಾಡಿಗ ಕೃಷ್ಣಮೂರ್ತಿಯವರು. ಭಾರತೀಯ ಪತ್ರಿಕೋದ್ಯಮದ ಚರಿತ್ರೆಯನ್ನು ಅವರು ಇಂಗ್ಲಿಷಿನಲ್ಲಿ ಬರೆದು ೧೯೬೬ರಲ್ಲಿ ಪ್ರಕಟಿಸಿದಾಗ, ಆ ಕಥೆಯನ್ನು ಆಂಗ್ಲರ ಮುದ್ರಣಯಂತ್ರದಿಂದ ಆರಂಭಿಸಲಿಲ್ಲ; ಅಶೋಕನಿಂದ ಆರಂಭಿಸಿ ನೆಹರೂವರೆಗೆ ತಂದರು. ಬ್ರಹ್ಮಗಿರಿಯ ಲಿಪಿಕಾರನಿಗೂ ಇಂದಿನ ಬಾತ್ಮೀದಾರನಿಗೂ ಸಂಬಂಧವುಂಟೆಂಬುದು ಈ ಗ್ರಂಥದ ಹೆಸರಿನಿಂದಲೇ ತಿಳಿಯುತ್ತದೆ.

ಮುಂದೆ ೧೯೭೩ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಂವಹನ ವಿಭಾಗವು ಏರ್ಪಟ್ಟಿತು. ‘ಪತ್ರಿಕೋದ್ಯಮ’ವೆಂಬ ಮಾತಿನ ಬದಲು ‘ಸಂವಹನ’ವೆಂಬ ಮಾತು ಬಂದುದಕ್ಕೆ ಕಾರಣವಿದೆ. ಪತ್ರಿಕೆಯ ಜೊತೆಗೆ ರೇಡಿಯೋ, ಚಲಚ್ಚಿತ್ರ, ದೂರದರ್ಶನ, ಜಾಹೀರಾತು, ಸಾರ್ವಜನಿಕ ಸಂಪರ್ಕ ಇವೆಲ್ಲವೂ ಸೇರಿಕೊಂಡವು. ಇಂದು ಅಂತರ್ಜಾಲವೂ ಸೇರಿದೆ. ಈ ಮೂರು ತಾಲ್ಲೂಕುಗಳವರು ಮೈಸೂರಿಗೋ ಬೆಂಗಳೂರಿಗೋ ಹೋಗಲೇಬೇಕೆಂಬ ನಿರ್ಬಂಧವೂ ಈಗಿಲ್ಲ. ೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಿಂದ ಅದು ಅನತಿದೂರ. ಅಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಸ್ನಾತಕೋತ್ತರ ಅಧ್ಯಯನ ವಿಭಾಗವಿದೆ. ೧೯೬೫ರಿಂದ ನಡೆಯುತ್ತಿರುವ ಭದ್ರಾವತಿಯ ಆಕಾಶವಾಣಿ ನಿಲಯವೂ ಈ ಸೀಮೆಯ ರೈತರಿಗೆ ಪರಿಚಿತವೇ ಆಗಿದೆ.

ಇನ್ನು, ಅಲ್ಲಿ ಕಲಿಸುವುದೇನು, ಕಲಿಯಬೇಕಾದುದೇನು ಎಂಬುದನ್ನು ಈ ನೆಲದ ಒಂದು ವಿಷಯವನ್ನೇ ತೆಗೆದುಕೊಂಡು ನೋಡೋಣವಾಗಲಿ. ಭದ್ರಾ ಮೇಲ್ದಂಡೆ ಯೋಜನೆಯನ್ನು ಕೇಳದವರು ಈ ಮೂರು ಸೀಮೆಗಳಲ್ಲಿಲ್ಲ. ತುಂಗಾನದಿಯಿಂದ ೧೭.೪೦ ಟಿ.ಎಂ.ಸಿ. ನೀರನ್ನು ಭದ್ರಾ ಜಲಾಶಯಕ್ಕೆ ಎತ್ತುವುದು, ಭದ್ರೆಯ ೧೨.೫೦ ಟಿ.ಎಂ.ಸಿ. ಸೇರಿಸಿ ಒಟ್ಟು ೨೯.೯೦ ಟಿ.ಎಂ.ಸಿ. ನೀರನ್ನು ತರೀಕೆರೆ ತಾಲ್ಲೂಕಿನಲ್ಲಿ ಮೇಲಕ್ಕೆತ್ತಿ, ಅಜ್ಜಂಪುರದ ಬಳಿ ಸುಮಾರು ೭ ಕಿಲೋಮೀಟರು ಉದ್ದದ ಸುರಂಗದ ಮೂಲಕ ಬಯಲುಸೀಮೆಗೆ ಹರಿಸುವುದು. ಚಿಕ್ಕಮಗಳೂರು, ಚಿತ್ರದುರ್ಗ, ದಾವಣಗೆರೆ, ತುಮಕೂರು ಜಿಲ್ಲೆಗಳಲ್ಲಿ ೨,೨೫,೫೧೫ ಹೆಕ್ಟೇರು ಭೂಮಿಗೆ ನೀರೊದಗಿಸುವುದು—ಇದು ಯೋಜನೆಯ ಆಶಯ. ೨೦೧೯ರಲ್ಲಿ ಈ ಮಾರ್ಗವಾಗಿ ವಾಣಿವಿಲಾಸ ಸಾಗರಕ್ಕೆ ನೀರು ಹರಿಯಿತು.

ಈ ಸಂಗತಿಯನ್ನು ಬರೆಯಹೊರಟ ಯುವಕನು ತರಬೇತಿಯಿಲ್ಲದವನಾದರೆ, ಮಂತ್ರಿಗಳು ಭಾಷಣದಲ್ಲಿ ಹೇಳಿದುದನ್ನು ಬರೆದುಕೊಂಡು, ಒಂದು ಭಾವಚಿತ್ರವನ್ನು ಸೇರಿಸಿ ಕಳುಹಿಸುತ್ತಾನೆ. ಓದುವ ಒಕ್ಕಲಿಗನಿಗೆ ಟಿ.ಎಂ.ಸಿ. ಎಂದರೆ ಏನೆಂಬುದೇ ತಿಳಿಯುವುದಿಲ್ಲ. ತರಬೇತಿ ಪಡೆದವನು ಮೊದಲು ತಾನು ತಿಳಿದುಕೊಳ್ಳುತ್ತಾನೆ: ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು, ಅಂದರೆ ಸುಮಾರು ೨,೮೩೦ ಕೋಟಿ ಲೀಟರು. ಲಕ್ಕವಳ್ಳಿಯ ಭದ್ರಾ ಜಲಾಶಯವು ತುಂಬಿದಾಗ ಹಿಡಿಯುವುದು ೭೧.೫ ಟಿ.ಎಂ.ಸಿ. ಈ ಅಳತೆಯನ್ನು ಪಕ್ಕದಲ್ಲಿಟ್ಟಾಗ ಓದುಗನಿಗೆ ಯೋಜನೆಯ ಗಾತ್ರ ಮನಸ್ಸಿಗೆ ಬರುತ್ತದೆ. ಆಮೇಲೆ ಅವನು ಇಂಜಿನಿಯರನನ್ನು ಕೇಳುತ್ತಾನೆ; ಕಾಲುವೆಗೆ ಜಮೀನು ಬಿಟ್ಟುಕೊಟ್ಟವನನ್ನು ಕೇಳುತ್ತಾನೆ; ಕೆರೆ ತುಂಬುವುದನ್ನು ಎದುರುನೋಡುತ್ತಿರುವ ಬಯಲುಸೀಮೆಯವನನ್ನು ಕೇಳುತ್ತಾನೆ; ಹಳೆಯ ಭದ್ರಾ ನಾಲೆಯ ಕೊನೆಯ ಭಾಗದಲ್ಲಿದ್ದು ತನ್ನ ಗದ್ದೆಗೆ ನೀರು ಕಡಮೆಯಾದೀತೆಂದು ಅಂಜುವವನನ್ನೂ ಕೇಳುತ್ತಾನೆ. ಕಾಗದಪತ್ರಗಳು ಬೇಕಾದಲ್ಲಿ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಅರ್ಜಿ ಹಾಕುವ ಕ್ರಮವನ್ನೂ ಬಲ್ಲವನಾಗಿರುತ್ತಾನೆ. ನಾಲ್ವರ ಮಾತನ್ನೂ ಅವರವರ ಹೆಸರಿನಲ್ಲಿಯೇ ಇಟ್ಟು, ತನಗೆ ಯಾವುದು ಖಚಿತವೋ ಅದನ್ನು ಖಚಿತವೆಂದೂ, ಯಾವುದು ಒಬ್ಬರ ಅಭಿಪ್ರಾಯವೋ ಅದನ್ನು ಅಭಿಪ್ರಾಯವೆಂದೂ ಬರೆಯುತ್ತಾನೆ. ವರದಿ ಮಾಡುವುದು, ತಿದ್ದುವುದು, ಭಾಷಾಂತರಿಸುವುದು, ಅಂಕಿಗಳನ್ನು ಓದುವುದು, ಮಾನಹಾನಿಯೇ ಮೊದಲಾದ ಕಾಯಿದೆಗಳನ್ನು ತಿಳಿಯುವುದು, ಧ್ವನಿಯನ್ನೂ ಚಿತ್ರವನ್ನೂ ಹಿಡಿಯುವುದು—ಇವೆಲ್ಲವೂ ಕಲಿಸಿದರೆ ಬರುವ ವಿದ್ಯೆಗಳು.

ಕಲಿಸಿದರೂ ಬಾರದುದೊಂದುಂಟು. ಒಬ್ಬನ ಕಷ್ಟವನ್ನು ಕೇಳುವಾಗ ಅವಸರಪಡದ ತಾಳ್ಮೆ, ತಪ್ಪಿದೆನೆಂದು ತಿಳಿದಾಗ ಮರುದಿನವೇ ತಿದ್ದಿ ಹೇಳುವ ಧೈರ್ಯ, ಹಣ ಕೊಡುವವನ ಮುಂದೆ ಬೆನ್ನು ಬಾಗದಿರುವ ಅಭಿಮಾನ, ಇವುಗಳನ್ನು ಯಾವ ಪ್ರಾಧ್ಯಾಪಕನೂ ಪರೀಕ್ಷೆಯ ಕಾಗದದಲ್ಲಿ ಬರೆಯಿಸಲಾರನು. ಅವು ಮನೆಯಿಂದ, ನೆರೆಹೊರೆಯಿಂದ, ಗುರುಹಿರಿಯರ ನಡೆಯಿಂದ ಬರಬೇಕು. ನುಡಿಯೂ ನಡೆಯೂ ಬೇರೆಬೇರೆಯಾಗಬಾರದೆಂದು ಶರಣರು ಬೋಧಿಸಿದುದು ಈ ವೃತ್ತಿಯವರಿಗೆ ಅಲಂಕಾರದ ಮಾತಲ್ಲ, ದಿನದಿನದ ಕೆಲಸದ ನಿಯಮ.

ಆ ನಿಯಮವು ಮುರಿದುಬಿದ್ದರೆ ಏನಾಗುವುದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ದುಃಖದ ನಿದರ್ಶನವಿದೆ. ೨೦೧೮ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಮುರ್ಕಿ ಗ್ರಾಮದ ಬಳಿ, ಹೊರಗಿನಿಂದ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಜನರು ಅವರ ಕಾರನ್ನು ತಡೆದು ಹೊಡೆದರು. ತಿಳಿದವರು ಬಂದು ನಿಜವನ್ನು ಹೇಳುವಷ್ಟರಲ್ಲಿ ಒಬ್ಬ ಯುವಕನ ಪ್ರಾಣ ಹೋಗಿತ್ತು. ಸುದ್ದಿಯನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಯಾರೂ ಕೊಲ್ಲಬೇಕೆಂದು ಹೊರಟವರಲ್ಲದಿರಬಹುದು, ಆದರೆ “ಇದನ್ನು ಕಂಡವರಾರು?” ಎಂಬ ಒಂದು ಪ್ರಶ್ನೆಯನ್ನು ಕೇಳದೆಯೇ ಅವರು ಕಳುಹಿಸಿದರು. ಹಿಂದೆ ಊರಿಗೊಂದು ಪತ್ರಿಕೆ ಬರುತ್ತಿದ್ದಾಗ ತಪ್ಪು ಮಾಡಬಲ್ಲವನು ಒಬ್ಬ ಸಂಪಾದಕನು ಮಾತ್ರ. ಇಂದು ಪ್ರತಿಯೊಂದು ಮನೆಯಲ್ಲಿಯೂ ಒಂದೊಂದು ಪ್ರಸಾರಯಂತ್ರವಿದೆ. ಆದಕಾರಣ ಸುದ್ದಿಯನ್ನು ಪರೀಕ್ಷಿಸಬಲ್ಲವರು, ಜನರಿಗೆ ಅರ್ಥವಾಗುವಂತೆ ನಿಜವನ್ನು ಬೇಗ ಮುಟ್ಟಿಸಬಲ್ಲವರು ಹಿಂದೆಂದಿಗಿಂತಲೂ ಈಗ ಹೆಚ್ಚು ಬೇಕಾಗಿದ್ದಾರೆ. ವೈದ್ಯನು ಊರಿಗೆ ಎಷ್ಟು ಅವಶ್ಯವೋ ಇಂಥವನೂ ಅಷ್ಟೇ ಅವಶ್ಯ.

ಬೇಕಾಗಿದ್ದಾರೆ ಎಂಬುದು ನಿಜವಾದರೂ ಸಂಬಳ ಕೊಡುವವರಾರು ಎಂಬ ತಂದೆಯ ಪ್ರಶ್ನೆ ಇನ್ನೂ ಉಳಿದಿದೆ. ಇಲ್ಲಿ ಆಸೆಯನ್ನು ಹುಟ್ಟಿಸಿ ಮೋಸಮಾಡಬಾರದು. ದೂರದರ್ಶನದಲ್ಲಿ ಕಾಣಿಸಿಕೊಳ್ಳುವ ಮುಖಗಳು ಬೆರಳೆಣಿಕೆಯವು. ಅಲ್ಲಿಗೆ ಹೋಗಬೇಕೆಂದು ಹಂಬಲಿಸುವವರು ಅಸಂಖ್ಯಾತರು. ಅಚ್ಚಿನ ಪತ್ರಿಕೆಗಳ ಜಾಹೀರಾತಿನ ವರಮಾನವನ್ನು ಅಂತರ್ಜಾಲವು ಹಂಚಿಕೊಂಡಿರುವುದರಿಂದ ಅಲ್ಲಿಯ ಹುದ್ದೆಗಳು ಹಿಂದಿನಷ್ಟು ಭದ್ರವಾಗಿಲ್ಲ. ತಾಲ್ಲೂಕಿನ ಬಾತ್ಮೀದಾರನಿಗೆ ಅನೇಕ ಕಡೆ ಪೂರ್ಣ ಸಂಬಳವಿರದೆ ಅಲ್ಪ ಗೌರವಧನ ಮಾತ್ರ ಇರುತ್ತದೆ. ಆ ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿ ಗುರುತಿನ ಚೀಟಿಯನ್ನು ತೋರಿಸಿ ಅಂಜಿಸುವವರೂ ಅಲ್ಲಲ್ಲಿ ಉಂಟು. ಅದು ಕಾಯಕವಲ್ಲ, ಸುಲಿಗೆ.

ಆದರೆ ಪತ್ರಿಕೆ ಮತ್ತು ದೂರದರ್ಶನ ಇವೆರಡೇ ಈ ವಿದ್ಯೆಯ ಬಾಗಿಲುಗಳಲ್ಲ. ಸರ್ಕಾರದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯು ಜಿಲ್ಲೆಜಿಲ್ಲೆಗಳಲ್ಲಿದೆ. ಆಸ್ಪತ್ರೆಗಳಿಗೂ ಸಹಕಾರ ಸಂಘಗಳಿಗೂ ಬ್ಯಾಂಕುಗಳಿಗೂ ವಿದ್ಯಾಸಂಸ್ಥೆಗಳಿಗೂ ಜನರೊಡನೆ ಸರಿಯಾಗಿ ಮಾತನಾಡಬಲ್ಲವರು ಬೇಕು. ಪುಸ್ತಕ ಪ್ರಕಾಶನ, ಭಾಷಾಂತರ, ಚಲಚ್ಚಿತ್ರಗಳಿಗೆ ಕನ್ನಡದ ಮಾತನ್ನು ಜೋಡಿಸುವುದು, ಶಾಲೆಯ ಪಾಠಗಳನ್ನು ದೃಶ್ಯರೂಪಕ್ಕೆ ತರುವುದು, ಕಾಲೇಜಿನಲ್ಲಿ ಈ ವಿದ್ಯೆಯನ್ನೇ ಬೋಧಿಸುವುದು—ಇವೂ ಜೀವನೋಪಾಯಗಳೇ. ವ್ಯವಸಾಯದ ಹೊಸ ಜ್ಞಾನವನ್ನು ರೈತನಿಗೆ ಮುಟ್ಟಿಸುವ ಕೃಷಿ ವಿಸ್ತರಣೆ ಎಂಬ ಶಾಸ್ತ್ರವೂ ಸಂವಹನದ ಒಂದು ಕವಲು. ೨೦೧೨ರಲ್ಲಿ ಶಿವಮೊಗ್ಗದಲ್ಲಿ ಆರಂಭವಾದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯದಂತಹ ಸಂಸ್ಥೆಗಳಲ್ಲಿ ಅದಕ್ಕೆ ಸ್ಥಾನವುಂಟು. ಅಡಕೆಯ ಎಲೆಚುಕ್ಕಿ ರೋಗದ ಲಕ್ಷಣವನ್ನು ಎರಡು ನಿಮಿಷಗಳಲ್ಲಿ, ತೋಟದವನ ಮಾತಿನಲ್ಲಿ, ತಪ್ಪಿಲ್ಲದೆ ತಿಳಿಸಬಲ್ಲ ಹುಡುಗನಿಗೆ ಈ ಸೀಮೆಯಲ್ಲಿಯೇ ಕೇಳುಗರಿದ್ದಾರೆ. ಅದಕ್ಕಾಗಿ ಅವನು ರಾಜಧಾನಿಗೆ ಓಡಬೇಕಾಗಿಲ್ಲ.

ಈ ಎಲ್ಲವನ್ನೂ ಎಣಿಸಿದ ಮೇಲೆ ವಿದ್ಯಾರ್ಥಿಗಳಿಗೆ ನಾಲ್ಕು ಮಾತುಗಳನ್ನು ಹೇಳುವುದು ಉಚಿತವಾಗಿದೆ.

ಮೊದಲನೆಯದು, ಸಂವಹನವನ್ನು ಒಂಟಿಯಾಗಿ ಓದಕೂಡದು. ಜೊತೆಗೆ ಒಂದು ವಿಷಯವನ್ನು ಆಳವಾಗಿ ತಿಳಿದಿರಬೇಕು. ಅರ್ಥಶಾಸ್ತ್ರವಾಗಲಿ, ಕಾಯಿದೆಯಾಗಲಿ, ವ್ಯವಸಾಯವಾಗಲಿ, ವಿಜ್ಞಾನವಾಗಲಿ, ಚರಿತ್ರೆಯಾಗಲಿ ಒಂದಿರಲಿ. ಹೇಳುವ ಬಗೆಯನ್ನು ಮಾತ್ರ ಬಲ್ಲವನು ಹೇಳುವುದಕ್ಕೆ ಏನೂ ಇಲ್ಲದೆ ಬೇಗನೆ ಬರಿದಾಗುತ್ತಾನೆ. ಹುದ್ದೆಗಳು ಕಡಮೆಯಾದಾಗ ಅವನನ್ನು ಕಾಪಾಡುವುದೂ ಆ ಎರಡನೆಯ ವಿದ್ಯೆಯೇ.

ಎರಡನೆಯದು, ಕನ್ನಡವನ್ನು ಚೆನ್ನಾಗಿ ಬರೆಯಲು ಕಲಿಯಬೇಕು. ಇಂಗ್ಲಿಷನ್ನು ತಪ್ಪಿಲ್ಲದೆ ಓದಲು ಕಲಿಯಬೇಕು. ಸರ್ಕಾರದ ವರದಿಗಳೂ ವಿಜ್ಞಾನದ ಲೇಖನಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಅವುಗಳ ಫಲವನ್ನು ಅನುಭವಿಸುವ ಜನರು ಕನ್ನಡದಲ್ಲಿದ್ದಾರೆ. ಈ ಎರಡರ ನಡುವೆ ಸೇತುವೆಯಾಗಬಲ್ಲವನಿಗೆ ಕೆಲಸ ಸಿಕ್ಕುವುದು ಸುಲಭ. ಚಪಡನು ಎರಡು ಲಿಪಿಗಳನ್ನು ಕಲಿತದ್ದು ವ್ಯರ್ಥಕ್ಕಲ್ಲ.

ಮೂರನೆಯದು, ಕಾಲೇಜನ್ನು ಆರಿಸುವಾಗ ಕಟ್ಟಡದ ಥಳಕನ್ನೂ ಜಾಹೀರಾತಿನ ಮಾತನ್ನೂ ನೋಡಿ ಮರುಳಾಗಬಾರದು. ಅಲ್ಲಿ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ ಉಂಟೆ? ಧ್ವನಿಮುದ್ರಣಕ್ಕೆ ಅವಕಾಶವುಂಟೆ? ಬರೆದುದನ್ನು ಕೆಂಪು ಶಾಯಿಯಿಂದ ತಿದ್ದಿಕೊಡುವ ಅಧ್ಯಾಪಕರುಂಟೆ? ರಜೆಯಲ್ಲಿ ನಿಜವಾದ ಕಚೇರಿಯೊಂದರಲ್ಲಿ ದುಡಿಯುವ ಏರ್ಪಾಡುಂಟೆ? ಹಿಂದಿನ ವರ್ಷಗಳಲ್ಲಿ ಓದಿ ಹೊರಬಂದವರು ಈಗ ಎಲ್ಲಿದ್ದಾರೆ? ಈ ಐದನ್ನು ಕೇಳಿ ತಿಳಿದುಕೊಳ್ಳದೆ ದೊಡ್ಡ ಸಾಲವನ್ನು ಎತ್ತುವುದು ಯಾವ ತಂದೆಗೂ ಉಚಿತವಲ್ಲ. ಸರ್ಕಾರೀ ಕಾಲೇಜಿನಲ್ಲಿ ಪದವಿಯನ್ನು ಮುಗಿಸಿ, ಆಮೇಲೆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ತರಗತಿಗೆ ಸೇರುವುದು ಸಾಮಾನ್ಯ ಕುಟುಂಬಕ್ಕೆ ಹೊರೆಯಾಗದ ಮಾರ್ಗ.

ನಾಲ್ಕನೆಯದು, ತರಬೇತಿಯನ್ನು ಸ್ವಂತ ಊರಿನಿಂದಲೇ ಆರಂಭಿಸಬಹುದು. ಅಜ್ಜಂಪುರದ ಅಮೃತಮಹಲ್ ತಳಿಕೇಂದ್ರದ ದನಗಳ ವಿಷಯ, ಕಡೂರಿನ ಸಂತೆಯ ಧಾರಣೆ, ತರೀಕೆರೆಯ ಕೆರೆಗಳ ಸ್ಥಿತಿ, ಅಜ್ಜಿಯರ ಬಾಯಲ್ಲಿರುವ ಪದಗಳು, ಇವುಗಳಲ್ಲಿ ಯಾವುದಾದರೊಂದನ್ನು ವಾರಕ್ಕೊಮ್ಮೆ ವಿಚಾರಿಸಿ ಒಂದು ಪುಟ ಬರೆದಿಡುವ ವಿದ್ಯಾರ್ಥಿಯು, ಮೂರು ವರ್ಷಗಳ ಕೊನೆಯಲ್ಲಿ ಉದ್ಯೋಗ ಕೇಳುವುದಕ್ಕೆ ಹೋದಾಗ ಪದವಿಪತ್ರದ ಜೊತೆಗೆ ನೂರಕ್ಕೂ ಹೆಚ್ಚು ಪುಟಗಳ ಸಾಕ್ಷ್ಯವನ್ನು ಕೈಯಲ್ಲಿ ಹಿಡಿದಿರುತ್ತಾನೆ. ಅವನಿಗೆ ಬೇರೆ ಶಿಫಾರಸು ಬೇಡ.

ಮಠದ ಭಕ್ತರೂ ಈ ವಿಷಯದಲ್ಲಿ ಮಾಡಬಹುದಾದ ಕೆಲಸವುಂಟು. ಕನ್ನಡನಾಡಿನಲ್ಲಿ ಅನ್ನದಾಸೋಹದೊಡನೆ ಅಕ್ಷರದಾಸೋಹವನ್ನು ನಡೆಸಿದ ಕೀರ್ತಿ ಮಠಗಳಿಗೆ ಸಲ್ಲುತ್ತದೆ. ಉಚಿತ ವಿದ್ಯಾರ್ಥಿನಿಲಯಗಳು ಇಲ್ಲದಿದ್ದರೆ ಎಷ್ಟೋ ಮಕ್ಕಳು ಓದುತ್ತಲೇ ಇರಲಿಲ್ಲ. ಅಂಥ ನಿಲಯಗಳಲ್ಲಿ ದಿನವೂ ಎರಡು ಮೂರು ಪತ್ರಿಕೆಗಳನ್ನು ತರಿಸಿ, ಒಂದೇ ಸುದ್ದಿಯನ್ನು ಅವು ಹೇಗೆ ಬೇರೆಬೇರೆಯಾಗಿ ಬರೆದಿವೆಯೆಂದು ಸಂಜೆ ಓದಿಸಿ ಮಾತನಾಡಿಸುವುದಕ್ಕೆ ಹೆಚ್ಚು ಖರ್ಚು ತಗಲುವುದಿಲ್ಲ. ಮಕ್ಕಳ ಕೈಬರಹದ ಪತ್ರಿಕೆಯೊಂದು ತಿಂಗಳಿಗೊಮ್ಮೆ ಗೋಡೆಯ ಮೇಲೆ ಬಂದರೆ ಸಾಕು. ಮೊಬೈಲಿಗೆ ಬಂದ ಸುದ್ದಿಯನ್ನು ಇನ್ನೊಬ್ಬರಿಗೆ ಕಳುಹಿಸುವ ಮೊದಲು “ಕಂಡವರಾರು, ಹೇಳಿದವರಾರು, ಯಾವಾಗಿನದು?” ಎಂದು ಕೇಳಿಕೊಳ್ಳುವ ಪದ್ಧತಿಯನ್ನು ಹಿರಿಯರೇ ಮೊದಲು ಪಾಲಿಸಿದರೆ, ಮಕ್ಕಳಿಗೆ ವಿಶ್ವವಿದ್ಯಾನಿಲಯದ ಮೊದಲನೆಯ ಪಾಠವು ಮನೆಯಲ್ಲಿಯೇ ದೊರೆತಂತಾಯಿತು.

ಇಷ್ಟು ಹೇಳಿದ ಮೇಲೆ ತಂದೆಯ ಪ್ರಶ್ನೆಗೆ ಹಿಂದಿರುಗಬೇಕು. ಮಾತಾಡುವುದನ್ನು ಕಲಿಯುವುದಕ್ಕೆ ಕಾಲೇಜು ಬೇಡ, ಅವನ ಮಾತು ಸರಿ. ಆದರೆ ಈ ಕಾಲೇಜಿನಲ್ಲಿ ಕಲಿಯಬೇಕಾದುದು ಮುಖ್ಯವಾಗಿ ಕೇಳುವುದನ್ನು, ತೂಗುವುದನ್ನು, ಆಮೇಲೆ ಹೇಳುವುದನ್ನು. ಹೊಟ್ಟೆ ತುಂಬುತ್ತದೆಯೆ ಎಂದರೆ, ಶ್ರಮಪಟ್ಟು ಕಲಿತವನಿಗೆ ತುಂಬುತ್ತದೆ. ಬೆಡಗಿಗೆ ಹೋದವನಿಗೆ ಖಾತರಿಯಿಲ್ಲ. ಇದು ಉಳಿದ ವಿದ್ಯೆಗಳಿಗೂ ಸಲ್ಲುವ ಮಾತೇ ಆಗಿದೆ. ಮಗನು ಮುನಿದು ಒಳಕ್ಕೆ ಹೋಗದೆ, ತಂದೆಯ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತು, ಈರುಳ್ಳಿಯ ಬೆಲೆ ಏಕೆ ಬಿದ್ದಿತು, ಮಂಡಿಯಲ್ಲಿ ತೂಕ ಹೇಗಾಯಿತು, ಲಾರಿಯವನಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿ, ಕೇಳಿದುದನ್ನು ಒಂದು ಹಾಳೆಯ ಮೇಲೆ ಬರೆದು ಓದಿ ತೋರಿಸಲಿ. ಅದನ್ನು ಕೇಳಿದ ತಂದೆ, “ಹೌದಪ್ಪಾ, ನಡೆದದ್ದು ಹೀಗೆಯೇ” ಎಂದನಾದರೆ, ಆ ಮಗನು ಈ ವಿದ್ಯೆಗೆ ತಕ್ಕವನೆಂದು ತಿಳಿಯಬಹುದು. ಆ ತಂದೆಯೂ ಹಣವನ್ನು ಹೊಂದಿಸುವುದಕ್ಕೆ ಹಿಂದೆಗೆಯಲಾರನು.

ಈ ಸೀಮೆಯ ಮಕ್ಕಳ ಕೈಯಲ್ಲಿ ನಿಜವಾದ ನುಡಿ ಬೆಳೆಯಲಿ, ಆ ನುಡಿಯಿಂದ ಅವರ ಬಾಳೂ ಊರಿನ ಬಾಳೂ ಹಸನಾಗಲಿ.